ಹಸಿರು ಕೋಟು ಮತ್ತು ಅಜ್ಜನ ಕಂಬಳಿ

ಅಜ್ಜ ತೀರಿಕೊಂಡು ಮೂರು ವರ್ಷವಾದರೂ ಅವರ ಕರಿ ಕಂಬಳಿ ನಮ್ಮ ಮನೆಯ ಜಗಲಿಯ ಗಳುವಿನ ಮೇಲೆ ಹಾಗೇ ಇತ್ತು. ಮಳೆಗಾಲ ಬಂತೆಂದರೆ ಅಜ್ಜ ಅದರ ಒಂದು ಮೂಲೆಯನ್ನು ಮಡಚಿ, ಗಂಟು ಹಾಕಿ, ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಗದ್ದೆಗೆ ಹೊರಡುತ್ತಿದ್ದರು. ಸಂಜೆ ಬಂದು ಅದನ್ನು ಕೊಡವಿ ಒಲೆಯ ಹತ್ತಿರ ಹರವಿದರೆ ಮನೆಯ ತುಂಬ ಕುರಿಯ ವಾಸನೆ, ಹೊಗೆಯ ವಾಸನೆ. ಆ ವಾಸನೆಗೆ ಮೂಗು ಮುರಿಯುತ್ತಾ ಬೆಳೆದವನು ನಾನು.

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಗೆಳೆಯರ ಜೊತೆ ಹಿಮಾಚಲದ ಚಂದ್ರಖಣಿ ಕಣಿವೆದಾರಿಗೆ ಚಾರಣ ಹೋಗುವುದೆಂದಾಯಿತು. ಮನೆಯಲ್ಲಿ ದೊಡ್ಡ ಸುದ್ದಿ. ಚೀಲ ತುಂಬುತ್ತಿದ್ದಾಗ ಅಜ್ಜಿ ಗಳುವಿನಿಂದ ಕಂಬಳಿ ಇಳಿಸಿ ತಂದು ನನ್ನ ಮುಂದಿಟ್ಟರು. "ಇದೊಂದು ತಗೊಂಡು ಹೋಗೋ, ಚಳಿ ಅಂತೆ." ನಾನು ನಕ್ಕುಬಿಟ್ಟೆ. "ಅಜ್ಜೀ, ಇದನ್ನ ಹೊದ್ದುಕೊಂಡು ಹೋದರೆ ಅಲ್ಲಿ ಎಲ್ಲರೂ ನನ್ನ ಫೋಟೋ ತೆಗೀತಾರೆ ಅಷ್ಟೆ." ಅಜ್ಜಿ ಕಂಬಳಿಯನ್ನು ಮಡಚುತ್ತಾ, "ಆ ಗುಡ್ಡದ ಮೇಲೆ ನಿನ್ನ ಚಂದ ನೋಡೋರು ಯಾರೋ?" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಆಗಲೇ ಶಿವಮೊಗ್ಗದ ಪೇಟೆಯಲ್ಲಿ ಒಂದು ಜರ್ಕಿನ್ ಕೊಂಡಿದ್ದೆ. ಹೊರಗೆ ದಪ್ಪ ಹತ್ತಿಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಎದೆಯ ಮೇಲೆ ನಾಲ್ಕು ಜೇಬು. ಮೈಗೆ ಅಂಟಿದಂತೆ ಕೂರುತ್ತಿತ್ತು. ಕನ್ನಡಿಯ ಮುಂದೆ ನಿಂತು ಕೊಂಡ ಬಟ್ಟೆ ಅದು. ಹವಾಮಾನವನ್ನು ನೆನೆದು ಕೊಂಡದ್ದಲ್ಲ.

ಮೂರನೇ ದಿನ ಕಣಿವೆದಾರಿಯ ಕೆಳಗೆ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ಅಲ್ಲಿಯವರೆಗೆ ಏರುದಾರಿಯಲ್ಲಿ ಬೆವತು ಬೆನ್ನೆಲ್ಲ ಒದ್ದೆಯಾಗಿತ್ತು. ಮೊದಲು ಮಳೆ, ಆಮೇಲೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಚೂಪಾದ ಸುರಿತ, ಅದರ ಹಿಂದೆಯೇ ಗಾಳಿ. ಅರ್ಧ ಗಂಟೆಯಲ್ಲಿ ಜರ್ಕಿನ್ ನೀರು ಕುಡಿದು ಕಲ್ಲಿನಷ್ಟು ಭಾರವಾಯಿತು. ಒಳಗೆ ಇನ್ನೊಂದು ಸ್ವೆಟರ್ ಹಾಕೋಣವೆಂದರೆ ಜಾಗವೇ ಇಲ್ಲ. ಮೊದಲು ನಡುಗಿದೆ. ಆಮೇಲೆ ನಡುಕ ನಿಂತು, ಒಂದು ಬಗೆಯ ನಿದ್ದೆ ಬಂದಂತಾಗಿ, ಬಂಡೆಯೊಂದರ ಮೇಲೆ ಕೂತುಬಿಟ್ಟೆ. ಹಾಯೆನಿಸಿತು. ಹಾಗೆ ಅನಿಸುವುದೇ ಅಪಾಯದ ಗುರುತು ಎಂದು ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಜೊತೆಗಿದ್ದ ಕುಲ್ಲೂ ಕಡೆಯ ಹಿರಿಯ ಮಾರ್ಗದರ್ಶಿಗೆ ಗೊತ್ತಿತ್ತು. ಅವರು ಬೈಯುತ್ತಲೇ ನನ್ನ ಮೈಮೇಲಿನ ಹತ್ತಿಬಟ್ಟೆಯನ್ನೆಲ್ಲ ಬಿಚ್ಚಿಸಿ, ತಮ್ಮ ಕೋಟನ್ನು ತೊಡಿಸಿದರು. ಅಲ್ಲಿಯವರು ಪಟ್ಟಿ ಎಂದು ಕರೆಯುವ, ಕೈಮಗ್ಗದಲ್ಲಿ ನೇಯ್ದ ಒರಟು ಉಣ್ಣೆಬಟ್ಟೆಯ ಕೋಟು. ಅದೂ ಒದ್ದೆಯಾಗಿತ್ತು. ಆದರೆ ಬೆಚ್ಚಗಿತ್ತು. ಮತ್ತೆ ನಡುಕ ಶುರುವಾದಾಗ ಅವರು, "ಈಗ ಪರವಾಗಿಲ್ಲ" ಎಂದರು.

ಆ ಕೋಟಿಗೆ ಕುರಿಯ ವಾಸನೆಯಿತ್ತು, ಹೊಗೆಯ ವಾಸನೆಯೂ ಇತ್ತು.

*

ಇತಿಹಾಸ ಓದುವವನಿಗೆ ತನ್ನ ತಪ್ಪಿನ ಪೂರ್ವಜರನ್ನು ಹುಡುಕುವ ಚಟವಿರುತ್ತದೆ. ಒದ್ದೆ ಉಣ್ಣೆ ಬೆಚ್ಚಗಿದ್ದದ್ದೇಕೆ, ಒದ್ದೆ ಹತ್ತಿ ನನ್ನನ್ನು ಕೊಲ್ಲಲು ಹೊರಟಿದ್ದೇಕೆ ಎಂದು ಹುಡುಕುತ್ತಾ ಹೋದವನಿಗೆ ಗ್ರಂಥಾಲಯದಲ್ಲಿ ಸಿಕ್ಕಿದ್ದು ಒಂದು ಹಸಿರು ಕೋಟಿನ ಕಥೆ. ಅದನ್ನು ತೊಟ್ಟವನ ಹೆಸರು ಜಾರ್ಜ್ ಇಂಗಲ್ ಫಿಂಚ್. ಅವನನ್ನು ನೋಡಿಯೂ ಜನ ನಕ್ಕಿದ್ದರು.

ಫಿಂಚ್ 1888ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಲ್ಲಿ ಹುಟ್ಟಿದವನು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರ ಕಲಿತು, ರಜೆಯಲ್ಲೆಲ್ಲ ಆಲ್ಪ್ಸ್ ಹತ್ತಿ, ಆಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. 1920ರ ದಶಕದ ಆರಂಭದಲ್ಲಿ ಎವರೆಸ್ಟ್ ಹತ್ತುವ ಬ್ರಿಟಿಷ್ ಸಾಹಸಗಳನ್ನು ನಡೆಸುತ್ತಿದ್ದವರು ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ಮತ್ತು ಆಲ್ಪೈನ್ ಕ್ಲಬ್ ಸೇರಿ ಮಾಡಿದ ಒಂದು ಸಮಿತಿಯವರು. ಆ ವಲಯದಲ್ಲಿ ಫಿಂಚ್ ಹೊರಗಿನವನು. ವಸಾಹತಿನಿಂದ ಬಂದವನು, ಅವರ ಶಾಲೆಗಳಲ್ಲಿ ಓದದವನು, ಮಾತಿನಲ್ಲಿ ಮುಲಾಜಿಲ್ಲದವನು. 1921ರ ತಂಡಕ್ಕೆ ಆಯ್ಕೆಯಾದರೂ ವೈದ್ಯಕೀಯ ಕಾರಣ ಕೊಟ್ಟು ಅವನನ್ನು ಕೈಬಿಟ್ಟರು. 1922ರ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು. ಹೊರಡುವಾಗ ಅವನು ತನಗೆಂದೇ ಒಂದು ಕೋಟು ಮಾಡಿಸಿಕೊಂಡ.

ಆ ಕಾಲದ ಪರ್ವತಾರೋಹಿಗಳ ಉಡುಪೆಂದರೆ ಟ್ವೀಡ್ ಕೋಟು, ಉಣ್ಣೆಯ ಸ್ವೆಟರ್, ಮೊಣಕಾಲವರೆಗಿನ ಚಲ್ಲಣ, ಕಾಲಿಗೆ ಸುತ್ತುವ ಪಟ್ಟಿ. ಎವರೆಸ್ಟ್ ತಂಡದ ಫೋಟೋ ನೋಡಿ, ಐರ್ಲೆಂಡಿನ ವನಭೋಜನಕ್ಕೆ ಹೊರಟವರು ಹಿಮಗಾಳಿಗೆ ಸಿಕ್ಕಿಬಿದ್ದಂತಿದೆ ಎಂಬರ್ಥದ ಮಾತನ್ನು ಬರ್ನಾರ್ಡ್ ಷಾ ಆಡಿದರೆಂದು ಹೇಳುತ್ತಾರೆ. ಇಂಥವರ ನಡುವೆ ಫಿಂಚ್ ತೊಟ್ಟು ಬಂದದ್ದು ಮೊಣಕಾಲ ತನಕ ಇಳಿದ, ಕಣ್ಣಿಗೆ ಹೊಡೆಯುವ ಹಸಿರು ಬಣ್ಣದ, ಉಬ್ಬಿದ ಕೋಟು. ಹೊರಗೆ ಬಲೂನಿಗೆ ಬಳಸುವ ಬಟ್ಟೆ. ಒಳಗೆ ಈಡರ್ ಎಂಬ ಉತ್ತರ ಸಮುದ್ರದ ಬಾತುಕೋಳಿಯ ತುಪ್ಪುಳು. ತುಪ್ಪುಳು ಒಂದೆಡೆ ಗುಡ್ಡೆಯಾಗದಂತೆ ನಮ್ಮ ಕೌದಿಯ ಹಾಗೆ ಸಾಲುಸಾಲು ಹೊಲಿಗೆ. ಎಲ್ಲರೂ ನಕ್ಕರು.

ನಗುವುದಕ್ಕೆ ಕಾರಣ ಬಣ್ಣ, ಉಬ್ಬು ಮಾತ್ರವಲ್ಲ ಎಂದು ನನಗನಿಸುತ್ತದೆ. ಅದೇ ತಂಡದವರು ರಾತ್ರಿ ಮಲಗುತ್ತಿದ್ದದ್ದು ಈಡರ್ ತುಪ್ಪುಳಿನ ಮಲಗುಚೀಲಗಳಲ್ಲೇ. ತುಪ್ಪುಳು ಬೆಚ್ಚಗಿರುತ್ತದೆಂದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಆದರೆ ಹಾಸಿಗೆಯಲ್ಲಿ ಹೊದೆಯುವುದನ್ನು ಹಗಲಲ್ಲಿ ತೊಟ್ಟು ತಿರುಗುವುದು ಗಂಡಸಿನ ಲಕ್ಷಣವಲ್ಲ ಎಂಬ ಭಾವನೆ. ಫಿಂಚ್ ಹೊತ್ತು ತಂದ ಆಮ್ಲಜನಕದ ಸಿಲಿಂಡರುಗಳ ಬಗ್ಗೆಯೂ ಇದೇ ಮಾತು: ಅದು ಆಟದ ಧರ್ಮವಲ್ಲ. ಕುತೂಹಲದ ಸಂಗತಿಯೆಂದರೆ, ಆ ಗಾಳಿಯನ್ನು ಶೆರ್ಪಾಗಳು 'ಇಂಗ್ಲಿಷ್ ಗಾಳಿ' ಎಂದು ಕರೆದರು. ಇಂಗ್ಲಿಷರಲ್ಲೇ ಬಹಳ ಮಂದಿ ಅದನ್ನು ತಮ್ಮದೆಂದು ಒಪ್ಪಲಿಲ್ಲ.

*

ಫಿಂಚ್ ಏನು ಯೋಚಿಸಿದ್ದ ಎಂದು ತಿಳಿಯಬೇಕಾದರೆ ಕೋಟಿನ ಬಟ್ಟೆ ಮಾಡಬೇಕಾದ ಕೆಲಸಗಳನ್ನು ಬಿಡಿಸಿ ನೋಡಬೇಕು. ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಶಾಖ ಮೈಯದು, ಬಟ್ಟೆಯ ಕೆಲಸ ಅದನ್ನು ಕಾಯುವುದು. ಕಾಯುವುದು ನೂಲೂ ಅಲ್ಲ, ನೂಲಿನ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ತುಪ್ಪುಳು ಅಷ್ಟು ಹಗುರವಿದ್ದೂ ಬೆಚ್ಚಗಿರುವುದು ಅದು ಹಿಡಿದಿಡುವ ಗಾಳಿಯಿಂದ. ಹೊರಗಿನ ಬಿರುಗಾಳಿ ಒಳಗೆ ನುಗ್ಗಿದರೆ ಈ ನಿಂತ ಗಾಳಿ ಚದುರಿಹೋಗುತ್ತದೆ. ಆದ್ದರಿಂದ ಹೊರಗಿನ ಪದರ ಗಾಳಿ ನುಸುಳದ್ದಾಗಿರಬೇಕು. ನೀರು ಸೇರಿದರೆ ಇನ್ನೂ ಕಷ್ಟ: ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆ ನೀರು ಆಕಾಶದಿಂದಲೇ ಬರಬೇಕೆಂದಿಲ್ಲ. ಏರುದಾರಿಯಲ್ಲಿ ನಮ್ಮ ಬೆವರೇ ಸಾಕು.

ಹೀಗೆ ಚಳಿ, ಗಾಳಿ, ಮಳೆ, ಬೆವರು ಎಂಬ ನಾಲ್ಕು ಕಡೆಯ ಮುತ್ತಿಗೆ. ಒಂದನ್ನು ತಡೆಯಲು ಹೋದರೆ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪೇಟೆಂಟ್ ಪಡೆದದ್ದು ಮಳೆಗೆ ಉತ್ತರ. ಕಲ್ಲಿದ್ದಲಿನ ಟಾರಿನಿಂದ ಬರುವ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸಿದ. ಮಳೆ ನಿಂತಿತು. ಆದರೆ ಬಿಸಿಲಿಗೆ ಕೋಟು ಜಿಗುಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು, ಯಾವಾಗಲೂ ನಾರುತ್ತಿತ್ತು. 1840ರ ದಶಕದಲ್ಲಿ ಗಂಧಕದಿಂದ ರಬ್ಬರನ್ನು ಹದ ಮಾಡುವ ವಿದ್ಯೆ ಬಂದು ಜಿಗುಟು, ಸೆಟೆತ ಎರಡೂ ಕಡಿಮೆಯಾದವು. ಬೆವರಿನ ಕಷ್ಟ ಮಾತ್ರ ಹೋಗಲಿಲ್ಲ. ನಮ್ಮಲ್ಲಿ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಯಲ್ಲಿ ನೆನೆಯದೆ ಮನೆಗೆ ಬಂದು, ಒಳಗಿನಿಂದ ನೆಂದಿರುತ್ತೇವೆ.

ಇನ್ನೊಂದು ಉತ್ತರ ಕೊಟ್ಟವನು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಟ್ಟೆ ವ್ಯಾಪಾರಿ ಥಾಮಸ್ ಬರ್ಬೆರಿ. ನೇಯ್ದ ಮೇಲೆ ಬಟ್ಟೆಗೆ ಏನನ್ನೋ ಬಳಿಯುವ ಬದಲು, ನೇಯುವ ಮೊದಲೇ ನೂಲಿಗೆ ನೀರು ಹಿಡಿಯದ ಹದ ಕೊಟ್ಟು, ಅದನ್ನು ಬಹಳ ಒತ್ತಾಗಿ, ಓರೆಗೆರೆ ಮೂಡುವಂತೆ ನೇಯಿಸಿದ. ಇದೇ ಗ್ಯಾಬರ್ಡೀನ್. 1879ರಲ್ಲಿ ರೂಪುಗೊಂಡು 1888ರಲ್ಲಿ ಪೇಟೆಂಟ್ ಪಡೆದ ಬಟ್ಟೆ. ಸುರಿಮಳೆಗೆ ಅದು ಸೋಲುತ್ತದೆ. ಆದರೆ ಗಾಳಿಯನ್ನು ತಡೆಯುತ್ತದೆ, ತುಂತುರನ್ನು ಜಾರಿಸುತ್ತದೆ, ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಕುರುಬರ ಮೇಲಂಗಿಗೆ ಕುರಿಯ ಜಿಡ್ಡು ಹತ್ತಿ ಮಳೆನೀರು ಜಾರುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯಿದೆ. ಅದು ನಿಜವೋ ವ್ಯಾಪಾರದ ಕಥೆಯೋ, ಅಂತೂ ಷ್ಯಾಕಲ್ಟನ್, ಅಮುಂಡ್ಸನ್ ಮೊದಲಾದವರು ದಕ್ಷಿಣ ಧ್ರುವದ ಹಾದಿಯಲ್ಲಿ ಗ್ಯಾಬರ್ಡೀನ್ ಬಳಸಿದರು. ಅಲ್ಲಿ ಮಳೆಯಿಲ್ಲ, ಗಾಳಿಯದೇ ರಾಜ್ಯ. ಆ ಹವೆಗೆ ಆ ಬಟ್ಟೆ ಸರಿಹೊಂದಿತು.

ಫಿಂಚ್‌ನ ಹಸಿರು ಕೋಟು ಈ ಲೆಕ್ಕದ ಮುಂದಿನ ಹೆಜ್ಜೆ. ಏಳೆಂಟು ಸಾವಿರ ಮೀಟರ್ ಎತ್ತರದಲ್ಲಿ ಮಳೆ ಇರುವುದಿಲ್ಲ. ಇರುವುದು ಒಣ ಹಿಮ. ಆದ್ದರಿಂದ ನೀರಿಗೆ ಹೆದರುವ ತುಪ್ಪುಳನ್ನು ಅಲ್ಲಿ ಧೈರ್ಯವಾಗಿ ಬಳಸಬಹುದು. ಬಲೂನಿನ ಬಟ್ಟೆ ಗಾಳಿ ಸೋರದಿರಲೆಂದೇ ಮಾಡಿದ್ದು, ಜೊತೆಗೆ ಹಗುರ. ಹವೆಯನ್ನು ಮೊದಲು ಓದಿ ಆಮೇಲೆ ಬಟ್ಟೆ ಹುಡುಕಿದವನ ಕೆಲಸ ಇದು. ಇದೇ ಕೋಟು ಆಗುಂಬೆಯ ಆಷಾಢದಲ್ಲಿ ಒಂದು ದಿನ ಬಾಳುವುದಿಲ್ಲ.

ಟಿಬೆಟ್ಟಿನ ಗಾಳಿ ಬೀಸಲು ಶುರುವಾದಾಗ ನಕ್ಕವರು ನಗು ನಿಲ್ಲಿಸಿ ಹೊಟ್ಟೆಕಿಚ್ಚು ಪಟ್ಟರು. 1922ರ ಮೇ ಕೊನೆಯ ವಾರದಲ್ಲಿ ಫಿಂಚ್, ಅದಕ್ಕೂ ಮುಂಚೆ ಒಂದೂ ಪರ್ವತ ಹತ್ತಿರದ ಸೇನಾಧಿಕಾರಿ ಜೆಫ್ರಿ ಬ್ರೂಸ್, ಗೂರ್ಖಾ ಸೈನಿಕ ತೇಜಬೀರ್ ಮೂವರೂ ಸುಮಾರು 7,770 ಮೀಟರ್ ಎತ್ತರದಲ್ಲಿ ಸಣ್ಣ ಡೇರೆಯೊಂದರಲ್ಲಿ ಬಿರುಗಾಳಿಗೆ ಸಿಕ್ಕಿಬಿದ್ದರು. ಒಂದು ರಾತ್ರಿ, ಒಂದು ಹಗಲು, ಮತ್ತೊಂದು ರಾತ್ರಿ. ಡೇರೆಯನ್ನೇ ಗಾಳಿ ಎತ್ತಿಕೊಂಡು ಹೋಗದಿರಲೆಂದು ಹಿಡಿದು ಕೂರಬೇಕಾಯಿತು. ಎರಡನೇ ಸಂಜೆ ಶೆರ್ಪಾಗಳು ಕೆಳಗಿನ ಶಿಬಿರದಿಂದ ಬಿಸಿ ಪಾನೀಯದ ಫ್ಲಾಸ್ಕುಗಳನ್ನು ಹೊತ್ತು ತಂದುಕೊಟ್ಟು ಹಿಂದಿರುಗಿದರು. ಮೇ 27ರಂದು ಫಿಂಚ್, ಬ್ರೂಸ್ ಇಬ್ಬರೂ ಸುಮಾರು 8,320 ಮೀಟರ್ ತಲುಪಿದರು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಎತ್ತರ ಹತ್ತಿರಲಿಲ್ಲ.

ಈ ಕಥೆಯಲ್ಲಿ ಇನ್ನೊಂದು ದಿನವಿದೆ, ಅದನ್ನು ಹೇಳದೆ ಬಿಡಬಾರದು. ಅದೇ ವರ್ಷ ಜೂನ್ 7ರಂದು, ಫಿಂಚ್ ದಣಿದು ಹಿಂದಿರುಗಿದ ಮೇಲೆ ನಡೆದ ಮೂರನೇ ಪ್ರಯತ್ನದಲ್ಲಿ, ಹಿಮಪಾತಕ್ಕೆ ಸಿಕ್ಕಿ ಏಳು ಮಂದಿ ಹೊರೆಯಾಳುಗಳು ಸತ್ತರು. ಸಾಹೇಬರಲ್ಲಿ ಒಬ್ಬರೂ ಸಾಯಲಿಲ್ಲ. ಯಾವ ಬಟ್ಟೆಯೂ ಅವರನ್ನು ಉಳಿಸುತ್ತಿರಲಿಲ್ಲ, ನಿಜ. ಆದರೆ ಸಾಹೇಬರ ಕೋಟು, ಸ್ವೆಟರುಗಳ ಪಟ್ಟಿ ನಮಗೆ ವಿವರವಾಗಿ ಸಿಗುತ್ತದೆ. ಆ ಏಳು ಜನ ಆ ದಿನ ಏನು ತೊಟ್ಟಿದ್ದರೆಂದು ಅಷ್ಟೇ ಅಕ್ಕರೆಯಿಂದ ಬರೆದಿಟ್ಟವರಿಲ್ಲ. ಇತಿಹಾಸದಲ್ಲಿ ಬಟ್ಟೆಗೂ ಜಾತಿಯಿದೆ.

*

1924ರಲ್ಲಿ ಮತ್ತೆ ತಂಡ ಹೊರಟಿತು. ಸಮಿತಿಯೊಂದಿಗೆ ಜಗಳವಾಗಿದ್ದ ಫಿಂಚ್‌ಗೆ ಜಾಗವಿರಲಿಲ್ಲ. ಅವನ ಆಮ್ಲಜನಕ ಹೋಯಿತು, ಅವನ ಕೋಟು ಹೋಗಲಿಲ್ಲ. ಶಿಖರದ ಕಡೆ ಹೊರಟವರು ಉಣ್ಣೆ, ರೇಷ್ಮೆ, ಗ್ಯಾಬರ್ಡೀನುಗಳಿಗೇ ಮರಳಿದರು.

ತಂಡದ ನಾಯಕ ಎಡ್ವರ್ಡ್ ನಾರ್ಟನ್ ತಾನು ತೊಟ್ಟದ್ದನ್ನು ಬರೆದಿಟ್ಟಿದ್ದಾನೆ. ದಪ್ಪ ಉಣ್ಣೆಯ ಒಳಉಡುಪು, ಫ್ಲಾನೆಲ್ ಅಂಗಿ, ಎರಡು ಸ್ವೆಟರ್, ಅದರ ಮೇಲೆ ಗ್ಯಾಬರ್ಡೀನಿನ ಸೂಟು, ಎಲ್ಲಕ್ಕೂ ಮೇಲೆ 'ಷ್ಯಾಕಲ್ಟನ್' ಎಂಬ ತೆಳ್ಳನೆಯ ಗ್ಯಾಬರ್ಡೀನಿನ ಇನ್ನೊಂದು ಹೊದಿಕೆ. ಕಾಲಿಗೆ ಕಾಶ್ಮೀರದ ಮೆತ್ತನೆ ಉಣ್ಣೆಪಟ್ಟಿ. ಇಷ್ಟನ್ನು ತೊಟ್ಟು ಜೂನ್ 4ರಂದು ಅವನು ಆಮ್ಲಜನಕದ ನೆರವಿಲ್ಲದೆ 8,573 ಮೀಟರ್ ಹತ್ತಿದ. ಅವನ ಜೊತೆಗೆ ಹೊರಟು ಸ್ವಲ್ಪ ಕೆಳಗೆ ನಿಂತ ಸಾಮರ್ವೆಲ್ ಎಂಬ ವೈದ್ಯನ ಹೆಸರು ನಮ್ಮ ತೆಂಕಣ ಸೀಮೆಯವರಿಗೆ ಗೊತ್ತಿರಬೇಕು. ಎವರೆಸ್ಟಿನಿಂದ ಇಳಿದವನು ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕನಾಗಿ ಬದುಕಿನ ದೊಡ್ಡ ಭಾಗವನ್ನು ಕಳೆದ.

ನಾಲ್ಕು ದಿನದ ನಂತರ, ಜೂನ್ 8ರಂದು, ಜಾರ್ಜ್ ಮ್ಯಾಲರಿ ಮತ್ತು 22 ವರ್ಷದ ಆಂಡ್ರ್ಯೂ ಅರ್ವಿನ್ ಶಿಖರದತ್ತ ಹೊರಟರು. ಮಧ್ಯಾಹ್ನ 12.50ಕ್ಕೆ ಮೋಡ ಸರಿದಾಗ ಕೆಳಗಿದ್ದ ನೋಯೆಲ್ ಓಡೆಲ್‌ಗೆ ಎರಡು ಚುಕ್ಕಿಗಳಾಗಿ ಕಂಡರು. ಮತ್ತೆ ಕಾಣಲಿಲ್ಲ.

75 ವರ್ಷದ ಮೇಲೆ, 1999ರ ಮೇ 1ರಂದು, ಕಾನ್ರಾಡ್ ಆಂಕರ್ ಎಂಬ ಅಮೆರಿಕದ ಪರ್ವತಾರೋಹಿಗೆ ಸುಮಾರು 8,155 ಮೀಟರ್ ಎತ್ತರದಲ್ಲಿ ಒಂದು ದೇಹ ಸಿಕ್ಕಿತು. ಮೊದಲು ಅದು ಅರ್ವಿನ್ ಎಂದೇ ಎಲ್ಲರೂ ಭಾವಿಸಿದರು. ಗುರುತು ಹೇಳಿದ್ದು ಬಟ್ಟೆ. ಅಂಗಿಯ ಕತ್ತಿನ ಪಟ್ಟಿಯಲ್ಲಿ, ಅಗಸರ ಮನೆಯಲ್ಲಿ ಅದಲುಬದಲಾಗದಿರಲೆಂದು ಹೊಲಿದ ಹೆಸರಿನ ಚೀಟಿಯಿತ್ತು: ಮ್ಯಾಲರಿ. ಇನ್ನೊಂದು ಚೀಟಿಯಲ್ಲಿ ಗಾಡಲ್ಮಿಂಗ್ ಊರಿನ ದರ್ಜಿಯ ಹೆಸರು, ವಿಳಾಸ. ಆ ಊರಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಮ್ಯಾಲರಿ ಮೇಷ್ಟ್ರಾಗಿದ್ದ. 2024ರಲ್ಲಿ ಹಿಮನದಿಯ ಮೇಲೆ ಒಂದು ಪಾದ ಸಿಕ್ಕಾಗಲೂ ಮಾತಾಡಿದ್ದು ಕಾಲುಚೀಲಕ್ಕೆ ಹೊಲಿದಿದ್ದ ಹೆಸರು: ಎ.ಸಿ. ಅರ್ವಿನ್. ನೂರು ವರ್ಷದ ಹಿಂದೆ ಯಾರೋ ಮನೆಯಲ್ಲಿ ಕೂತು ಹಾಕಿದ ನಾಲ್ಕು ಹೊಲಿಗೆ. ಕಲ್ಲಿನ ಶಾಸನಗಳನ್ನು ಓದಲು ಕಲಿತ ನಮಗೆ ದಾರದ ಶಾಸನವನ್ನು ಓದುವುದು ಅಭ್ಯಾಸವಿಲ್ಲ.

ಮ್ಯಾಲರಿಯ ಮೈಮೇಲಿನ ಬಟ್ಟೆಯ ತುಣುಕುಗಳನ್ನು ಇಂಗ್ಲೆಂಡಿನ ಜವಳಿ ತಜ್ಞರು ವರ್ಷಗಟ್ಟಲೆ ಪರೀಕ್ಷಿಸಿದರು. ಅದೇ ನೂಲು, ಅದೇ ನೇಯ್ಗೆ, ಅದೇ ಕತ್ತರಿಕೆಯಲ್ಲಿ ಪ್ರತಿಕೃತಿ ಮಾಡಿದರು. 2006ರಲ್ಲಿ ಗ್ರಹಾಂ ಹಾಯ್ಲೆಂಡ್ ಅದನ್ನು ಎವರೆಸ್ಟಿನ ಹಿಮನದಿಯ ಮೇಲೆ ತೊಟ್ಟು ನೋಡಿದ. ಅವನು ಮೇಲೆ ಹೇಳಿದ ಸಾಮರ್ವೆಲ್ಲನ ಬಂಧು. ಅಲ್ಲಿಯವರೆಗೆ ಎಲ್ಲರ ನಂಬಿಕೆ, ಪಾಪ, ಆ ಕಾಲದವರು ತಿಳಿಯದೆ ತೆಳ್ಳನೆ ಬಟ್ಟೆಯಲ್ಲಿ ಹೋಗಿ ಸತ್ತರು ಎಂಬುದು. ಪ್ರತಿಕೃತಿ ಬೇರೆ ಮಾತು ಹೇಳಿತು. ಉಡುಪು ಹಗುರವಾಗಿತ್ತು, ನಡೆಯುವಾಗ ಬೆಚ್ಚಗಿತ್ತು. ಉಣ್ಣೆಯ ಪದರಗಳ ನಡುವೆ ರೇಷ್ಮೆಯ ಅಂಗಿಗಳಿದ್ದವು. ಉಣ್ಣೆಯ ಮೇಲೆ ಉಣ್ಣೆ ಹಾಕಿದರೆ ಒಂದನ್ನೊಂದು ಹಿಡಿದು ಎಳೆಯುತ್ತವೆ. ನಡುವೆ ರೇಷ್ಮೆಯಿದ್ದರೆ ಜಾರುತ್ತವೆ. ಉಸಿರಿಗೇ ಬಡತನವಿರುವ ಎತ್ತರದಲ್ಲಿ ಒಂದೊಂದು ಹೆಜ್ಜೆಯ ಈ ಉಳಿತಾಯ ಸಣ್ಣದಲ್ಲ. ಕೋಟಿನ ತೋಳನ್ನು ಕಂಕುಳಲ್ಲಿ ವಿಶೇಷವಾಗಿ ಕತ್ತರಿಸಿ ಕೂರಿಸಿದ್ದರಿಂದ ಕೈ ಮೇಲೆತ್ತಿದರೆ ತೋಳು ಮಾತ್ರ ಏಳುತ್ತಿತ್ತು, ಕೋಟಿನ ಸೊಂಟ ಮೇಲೇಳುತ್ತಿರಲಿಲ್ಲ. ಬಂಡೆ ಹಿಡಿಯಲು ಕೈ ಚಾಚಿದಾಗಲೆಲ್ಲ ಹೊಟ್ಟೆಗೆ ಗಾಳಿ ಹೊಡೆಯದು.

ಇದನ್ನು ಓದುವಾಗ ನನ್ನ ಅಂಟು ಜರ್ಕಿನ್ ನೆನಪಾಗಿ ನಾಚಿಕೆಯಾಯಿತು. ಮೈಗೆ ಸರಿಯಾಗಿ ಕೂರುವುದು ಎಂದರೆ ನಿಂತಾಗ ಚಂದ ಕಾಣುವುದೆಂದು ನಾನು ತಿಳಿದಿದ್ದೆ. ಗಾಡಲ್ಮಿಂಗ್‌ನ ಟೈಲರ್ ಅಂಗಡಿಯಲ್ಲಿ, ಬೇಸಿಂಗ್‌ಸ್ಟೋಕ್‌ನ ಕತ್ತರಿಯಲ್ಲಿ ಅದರ ಅರ್ಥ ಬೇರೆಯಿತ್ತು: ಕೈ ಎತ್ತಿದಾಗ, ಬಗ್ಗಿದಾಗ, ಒಳಗೆ ಇನ್ನೆರಡು ಪದರ ಹಾಕಿದಾಗ ಕೋಟು ಹೇಗಿರುತ್ತದೆ?

ಆದರೆ ಪ್ರತಿಕೃತಿ ಇನ್ನೊಂದು ಮಾತನ್ನೂ ಹೇಳಿತು. ಈ ಉಡುಪು ನಡೆಯುವವನಿಗೆ ಸಾಕು, ನಿಂತವನಿಗೆ ಸಾಲದು. ರಾತ್ರಿ ಬಯಲಲ್ಲಿ ಕಳೆಯಬೇಕಾಗಿ ಬಂದರೆ ಬದುಕುವುದು ಕಷ್ಟ. ಮ್ಯಾಲರಿ ಚಳಿಗೇ ಸತ್ತನೆಂದು ಹೇಳುವಂತಿಲ್ಲ. ಕಾಲು ಮುರಿದಿತ್ತು, ಸೊಂಟದಲ್ಲಿ ಹಗ್ಗ ಬಿಗಿದ ಗಾಯವಿತ್ತು, ಬಿದ್ದದ್ದು ಖಚಿತ. ಅಂದು ಮಧ್ಯಾಹ್ನ ಹಿಮಗಾಳಿ ಬೀಸಿದ್ದನ್ನು ಓಡೆಲ್ ಬರೆದಿದ್ದಾನೆ. ಮೂಲ ಶಿಬಿರದಲ್ಲಿ ದಾಖಲಾದ ವಾಯುಭಾರದ ಅಂಕಿಗಳನ್ನು ಕೆನಡಾದ ಸಂಶೋಧಕರು 2010ರಲ್ಲಿ ಮತ್ತೆ ಓದಿ, ಆ ದಿನಗಳಲ್ಲಿ ಒತ್ತಡ ತೀವ್ರವಾಗಿ ಕುಸಿದಿತ್ತೆಂದೂ ಅದು ದೊಡ್ಡ ಬಿರುಗಾಳಿಯ ಗುರುತೆಂದೂ ತೋರಿಸಿದರು. ಅಂಥ ಗಾಳಿಯಲ್ಲಿ ನಿಂತರೆ ಚಳಿ, ನಿಲ್ಲದಿದ್ದರೆ ಕತ್ತಲಲ್ಲಿ ಇಳಿಜಾರು. ನಿಂತವನನ್ನು ಕಾಯುವ ಬಟ್ಟೆಯೊಂದು ಎರಡು ವರ್ಷದ ಹಿಂದೆಯೇ ಅದೇ ಬೆಟ್ಟಕ್ಕೆ ಬಂದು ಹೋಗಿತ್ತು. ಅದು ಇದ್ದಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಕಾಯುತ್ತಾ ಕೂರುವ ಆಯ್ಕೆಯೊಂದು ಅವರಿಗೆ ಇರುತ್ತಿತ್ತು ಎಂದಷ್ಟೇ ಹೇಳಬಲ್ಲೆ.

*

ಫಿಂಚ್ ತನ್ನ ಕೋಟಿಗೆ ಪೇಟೆಂಟ್ ಪಡೆಯಲಿಲ್ಲ. ಸಿಯಾಟಲ್ಲಿನ ಎಡ್ಡಿ ಬಾವರ್ ಎಂಬ ಅಂಗಡಿಯವನು ಚಳಿಗಾಲದ ಮೀನು ಬೇಟೆಯಲ್ಲಿ ಒದ್ದೆ ಉಡುಪಿನಲ್ಲಿ ಮರಗಟ್ಟಿ ಸಾವಿನ ಬಾಗಿಲು ತಟ್ಟಿ ಬಂದ ಮೇಲೆ, 1936ರಲ್ಲಿ ತುಪ್ಪುಳಿನ ಜಾಕೆಟ್ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ತುದಿಯಲ್ಲಿ ನಿಂತಾಗ ಅವರ ಮೈಮೇಲೆ ತುಪ್ಪುಳಿನ ಉಡುಪು, ಅದರ ಮೇಲೆ ಗಾಳಿ ತಡೆಯುವ ಹತ್ತಿ-ನೈಲಾನ್ ಬಟ್ಟೆ. ಬೆನ್ನ ಮೇಲೆ ಆಮ್ಲಜನಕ. ಮೂವತ್ತೊಂದು ವರ್ಷದ ಹಿಂದೆ ಫಿಂಚ್ ಹೊತ್ತು ಬಂದಿದ್ದ ಎರಡೂ ವಸ್ತುಗಳು. 1969ರಲ್ಲಿ ಬಾಬ್ ಗೋರ್ ಟೆಫ್ಲಾನನ್ನು ಹಠಾತ್ತನೆ ಎಳೆದು ಕಂಡುಕೊಂಡ ತೆಳುಪೊರೆ ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದರ ರಂಧ್ರಗಳಲ್ಲಿ ಮಳೆಹನಿ ನುಗ್ಗದು, ಬೆವರಿನ ಆವಿ ಹೊರಹೋಗುತ್ತದೆ. ಮ್ಯಾಕಿಂಟಾಷ್ ಬಿಟ್ಟುಹೋದ ಕಷ್ಟಕ್ಕೆ ನೂರೈವತ್ತು ವರ್ಷದ ನಂತರ ಸಿಕ್ಕ ಉತ್ತರ. ಅದೂ ಪೂರ್ತಿ ಉತ್ತರವಲ್ಲ. ಹೊರಗೇ ಹವೆ ತೇವವಾಗಿದ್ದರೆ ಆವಿ ಹೋಗುವುದಾದರೂ ಎಲ್ಲಿಗೆ?

ಎವರೆಸ್ಟ್ ಗೆದ್ದ ಸುದ್ದಿ ಬಂದಾಗ ಫಿಂಚ್ ಎಲ್ಲಿದ್ದ? ಪುಣೆಯಲ್ಲಿ. 1952ರಿಂದ 1957ರವರೆಗೆ ಅವನು ಅಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ತುಪ್ಪುಳಿನ ಕೋಟು ಕಲ್ಪಿಸಿದವನು ಪುಣೆಯ ಬಿಸಿಲಿನಲ್ಲಿ ಹತ್ತಿಯ ಅಂಗಿ ತೊಟ್ಟು ಬೆಳಗಿನ ಪತ್ರಿಕೆ ಓದುತ್ತಿರುವುದನ್ನು ನಾನು ಊಹಿಸಿಕೊಳ್ಳುತ್ತೇನೆ. ಅವನು ಊರಿನ ಹವೆಗೆ ತಕ್ಕ ಬಟ್ಟೆಯನ್ನೇ ತೊಟ್ಟಿರುತ್ತಾನೆ, ಅನುಮಾನವಿಲ್ಲ.

*

ಇಷ್ಟೆಲ್ಲ ಓದಿದ ಮೇಲೆ ನಾನು ಗಳುವಿನ ಮೇಲಿನ ಕಂಬಳಿಯನ್ನು ಮತ್ತೆ ಇಳಿಸಿ ನೋಡಿದೆ. ದಖ್ಖನಿ ಕುರಿಯ ಒರಟು ಉಣ್ಣೆ, ಬಣ್ಣ ಹಾಕದ ಹುಟ್ಟುಕಪ್ಪು. ಕುರುಬರ ಹೆಂಗಸರು ನೂತ ನೂಲು, ಗುಂಡಿಮಗ್ಗದ ನೇಯ್ಗೆ. ಚಳ್ಳಕೆರೆಯ ಕಡೆ ಇಂಥ ಕಂಬಳಿಗೆ ಹುಣಸೆಬೀಜದ ಸರಿ ಬಳಿಯುವುದನ್ನು ಆಮೇಲೆ ಕಣ್ಣಾರೆ ಕಂಡೆ. ಬೀಜ ಹುರಿದು, ಸಿಪ್ಪೆ ತೆಗೆದು, ರುಬ್ಬಿ, ಬೇಯಿಸಿ ಮಾಡಿದ ಗಂಜಿ ನೂಲಿನ ಸಂದುಗಳನ್ನು ತುಂಬಿ ಬಟ್ಟೆಯನ್ನು ಗಡುಸು ಮಾಡುತ್ತದೆ. ಮಳೆ ಅದರ ಮೇಲೆ ಬಿದ್ದರೆ ಬಹಳ ಹೊತ್ತು ಒಳಗಿಳಿಯದೆ ಜಾರುತ್ತದೆ. ಉಣ್ಣೆಯ ಎಳೆ ಗುಂಗುರಾಗಿರುವುದರಿಂದ ಗಾಳಿಯನ್ನು ಹಿಡಿದಿಡುತ್ತದೆ; ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ; ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹತ್ತಿ ಹಾಗಲ್ಲ. ನೀರು ಕುಡಿದು, ಕುಸಿದು, ಮೈಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದನ್ನು ಹಿತವಾಗಿಸುವ ಗುಣವೇ ಚಳಿಯಲ್ಲಿ ಶತ್ರುವಾಗುತ್ತದೆ.

ಇನ್ನು ಕೊಪ್ಪೆ. ಅದು ಮೈಗೆ ಅಂಟುವುದಿಲ್ಲ. ಹೆಗಲಿನಿಂದ ಡೇರೆಯಂತೆ ಇಳಿಯುತ್ತದೆ, ಕೆಳಗೆ ತೆರೆದಿರುತ್ತದೆ. ಗದ್ದೆಯಲ್ಲಿ ಬಗ್ಗಿ ದುಡಿಯುವವನ ಬೆವರಿನ ಆವಿಗೆ ದಾರಿ ಇರುತ್ತದೆ, ಎರಡೂ ಕೈಗೆ ಕೆಲಸಕ್ಕೆ ಬಿಡುವಿರುತ್ತದೆ. ನಟ್ಟಿಯ ಹೆಂಗಸರು ಇಡೀ ದಿನ ಬೆನ್ನು ಬಗ್ಗಿಸಿರುವುದರಿಂದ ಅವರಿಗೆ ಕೊಪ್ಪೆಯಲ್ಲ, ಬೆನ್ನ ಮೇಲೆ ಕವುಚಿಕೊಳ್ಳುವ ಗೊರಬು. ಒಂದೇ ಮಳೆ, ಎರಡು ಭಂಗಿ, ಎರಡು ಉಡುಪು. ಕಂಬಳಿಗೂ ದೋಷವಿದೆ. ಭಾರ, ಚುಚ್ಚುತ್ತದೆ, ವಾರಗಟ್ಟಲೆ ಜಡಿಮಳೆ ಹಿಡಿದರೆ ಒಣಗುವುದೇ ಇಲ್ಲ. ಆದ್ದರಿಂದಲೇ ಅಜ್ಜ ಅದನ್ನು ದಿನವೂ ಒಲೆಯ ಹತ್ತಿರ ಹರವುತ್ತಿದ್ದರು. ನಾನು ಮೂಗು ಮುರಿದ ಹೊಗೆವಾಸನೆ ಆ ಆರೈಕೆಯದು.

ಈಗ ನಾನು ಊರಿನ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುತ್ತೇನೆ. ಪ್ರತಿ ಬೇಸಿಗೆಯಲ್ಲಿ ಕೆಲವು ಹುಡುಗ ಹುಡುಗಿಯರು ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಹೊರಡುವ ಮೊದಲು ಅವರ ಚೀಲ ಬಿಚ್ಚಿಸಿ ನೋಡುವ ಕೆಟ್ಟ ಚಾಳಿ ನನಗೆ ಅಂಟಿದೆ. ಮೈಗೆ ತಾಗುವ ಪದರದಲ್ಲಿ ಹತ್ತಿ ಬೇಡ, ಬೇಗ ಆರುವ ಬಟ್ಟೆಯೋ ತೆಳು ಉಣ್ಣೆಯೋ ಇರಲಿ ಎನ್ನುತ್ತೇನೆ. ನಡುವೆ ಒಂದು ಉಣ್ಣೆಯ ಸ್ವೆಟರ್. ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಬಂದು ಸಾಲಾಗಿ ಅಂಗಡಿ ಇಡುವ ಟಿಬೆಟಿಯನ್ ಹೆಂಗಸರನ್ನೇ ಕೇಳಿ, ನಿಜವಾದ ಉಣ್ಣೆ ಯಾವುದೆಂದು ಕೈಯಿಂದ ಮುಟ್ಟಿ ಹೇಳುತ್ತಾರೆ. ಹೊರಗೆ ಗಾಳಿ, ನೀರು ತಡೆಯುವ ಹಗುರ ಜಾಕೆಟ್, ಒಂದು ಅಳತೆ ದೊಡ್ಡದು. ತುಪ್ಪುಳಿನದು ಇದ್ದರೆ ನಡೆಯುವಾಗ ಚೀಲದಲ್ಲಿರಲಿ, ನಿಂತಾಗ ತೊಡಿ, ಒದ್ದೆ ಮಾಡಬೇಡಿ. ಆಮೇಲೆ ಎರಡೂ ಕೈ ಮೇಲೆತ್ತಿಸುತ್ತೇನೆ. ಹೊಟ್ಟೆ ಕಂಡರೆ ಆ ಜಾಕೆಟ್ ಬೇಡ.

ಹುಡುಗರು ನಗುತ್ತಾರೆ. ನಗಲಿ. ಕಳೆದ ವರ್ಷ ಒಬ್ಬ ಹುಡುಗಿ ಮಾತ್ರ ನಗದೆ, "ಸರ್, ನಮ್ಮನೇಲಿ ತಾತನ ಕಂಬಳಿ ಇದೆ, ತರಲಾ?" ಎಂದು ಕೇಳಿದಳು. ಅದು ಭಾರವಮ್ಮ, ಬೆನ್ನಿಗೆ ಹೊರೆಯಾಗುತ್ತದೆ, ಅದು ನಮ್ಮ ಮಳೆಗೆ ಹುಟ್ಟಿದ್ದು, ಇಲ್ಲೇ ಇರಲಿ ಎಂದೆ. ಆದರೆ ಹೊರಡುವ ದಿನ ಅವಳ ಚೀಲದಲ್ಲಿ ಅದರಿಂದ ಕತ್ತರಿಸಿದ ಎರಡು ಅಂಗೈಯಗಲದ ತುಂಡುಗಳಿದ್ದವು. ಬೂಟಿನೊಳಗೆ, ಹಿಮ್ಮಡಿಯ ಕೆಳಗೆ ಹಾಕಿಕೊಳ್ಳಲಿಕ್ಕಂತೆ. ಯಾರು ಹೇಳಿಕೊಟ್ಟರು ಎಂದೆ.

"ಅಜ್ಜಿ" ಎಂದಳು.